ಹಡಗಿನಡಿಯ ಗೇಣು ನೀರು: ಬಂದರಿನ ಕಾಲುವೆ ತನ್ನ ಆಳ ಉಳಿಸಿಕೊಳ್ಳುವ ಬಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲದ ಕಾರಣ ಕೆಲವು ಲೆಕ್ಕಗಳನ್ನು ಬಿಡಿಸಿ ಬರೆಯಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಸಮುದ್ರದಲ್ಲಿ ನೀರಿಗೆ ಬರವೇ, ಅಲ್ಲಿ ಹಡಗು ಓಡಿಸಲು ಅಗೆಯುವುದೇಕೆ ಎಂದು ಕೇಳುವವರಿದ್ದಾರೆ. ನೀರಿಗೆ ಬರವಿಲ್ಲ, ಆಳಕ್ಕೆ ಇದೆ. ಎಷ್ಟೋ ಕರಾವಳಿಗಳಲ್ಲಿ ದಡದಿಂದ ಕೆಲವು ಕಿಲೋಮೀಟರ್ ಹೋದರೂ ತಳ ಹತ್ತು ಮೀಟರ್ ಕೆಳಗಷ್ಟೇ ಸಿಗುತ್ತದೆ. ಇವತ್ತಿನ ದೊಡ್ಡ ಕಂಟೇನರ್ ಹಡಗು ಪೂರ್ತಿ ಹೇರಿದಾಗ ಸುಮಾರು 16 ಮೀಟರ್ ನೀರಿನೊಳಗಿರುತ್ತದೆ. ಹಾಗಾಗಿ ತಳದಲ್ಲೊಂದು ಉದ್ದನೆಯ ತೋಡು ಕೊರೆದು ಅದರೊಳಗೆ ಹಡಗುಗಳನ್ನು ನಡೆಸುತ್ತಾರೆ. ಮೇಲಿನಿಂದ ನೋಡುವವರಿಗೆ ಕಾಣುವುದು ದಾರಿ ತೋರಿಸುವ ತೇಲುಗುರುತುಗಳ, ಅಂದರೆ ಬೋಯ್‌ಗಳ, ಎರಡು ಸಾಲು ಮಾತ್ರ. ತೋಡು ಕಣ್ಣಿಗೆ ಬೀಳುವುದಿಲ್ಲ. ಅದು ತುಂಬಿಕೊಳ್ಳುತ್ತಿರುವುದೂ ಕಣ್ಣಿಗೆ ಬೀಳುವುದಿಲ್ಲ.

ಇವತ್ತಿನ ಮಾತೆಲ್ಲ ಸೆಂಟಿಮೀಟರ್‌ಗಳದ್ದು. 290 ಮೀಟರ್ ಉದ್ದ, 45 ಮೀಟರ್ ಅಗಲದ ಅದಿರು ಹಡಗು ಒಂದು ಸೆಂಟಿಮೀಟರ್ ಹೆಚ್ಚು ಮುಳುಗಬೇಕಾದರೆ ಸುಮಾರು 120 ಟನ್ ಸರಕು ಹೇರಬೇಕು. ಹತ್ತು ಸೆಂಟಿಮೀಟರ್ ಆಳ ಸಿಕ್ಕಿತೆಂದರೆ ಒಂದೇ ಪಯಣಕ್ಕೆ 1,200 ಟನ್ ಹೆಚ್ಚು. ಈಗ ಮಗ್ಗುಲು ಬದಲಿಸಿ ನೋಡಿ. 10 ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಕಾಲುವೆಯ ತಳವನ್ನು ಅದೇ ಹತ್ತು ಸೆಂಟಿಮೀಟರ್ ಇಳಿಸಬೇಕೆಂದರೆ ಎರಡು ಲಕ್ಷ ಘನ ಮೀಟರ್ ಹೂಳು ಎತ್ತಬೇಕು. ಈ ಎರಡು ಅಂಕಿಗಳ ನಡುವಿನ ಜಗ್ಗಾಟವೇ ಬಂದರಿನ ಕಾಲುವೆಯ ನಿರ್ವಹಣೆ.

ಆಳದ ಲೆಕ್ಕಪುಸ್ತಕ

14.5 ಮೀಟರ್ ಡ್ರಾಫ್ಟ್ ಇರುವ, ಅಂದರೆ ಅಷ್ಟು ಆಳ ನೀರಿನೊಳಗೆ ಮುಳುಗಿರುವ, ಹಡಗಿಗೆ 14.5 ಮೀಟರ್ ನೀರು ಸಾಲದು ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಸಾಕು ಎಂಬುದನ್ನು ಸಾಲು ಸಾಲಾಗಿ ಬರೆದು ಕೂಡಿಸಬೇಕು.

ಮೊದಲ ಸಾಲು ನೀರಿನ ಸಾಂದ್ರತೆಯದು. ಉಪ್ಪುನೀರಿನಿಂದ ಸಿಹಿನೀರಿಗೆ ಬಂದ ಹಡಗು ಹೆಚ್ಚು ಮುಳುಗುತ್ತದೆ. ನಮ್ಮ 14.5 ಮೀಟರ್ ಹಡಗಿಗೆ ಇದು ಸುಮಾರು 30 ಸೆಂಟಿಮೀಟರ್. ಅಳಿವೆಯ ಸಪ್ಪೆನೀರಿನಲ್ಲಿ ಅದರ ಅರ್ಧ, 15 ಎನ್ನೋಣ.

ಎರಡನೆಯದು ತಮಾಷೆಯದು. ಆಳ ಕಡಿಮೆಯಿರುವಲ್ಲಿ ಹಡಗು ಓಡುವಾಗ ಕುಕ್ಕರಿಸುತ್ತದೆ. ಇಂಗ್ಲಿಷಿನವರೂ ಇದನ್ನು ಸ್ಕ್ವಾಟ್ ಎಂದೇ ಕರೆಯುತ್ತಾರೆ. ಹಡಗಿನ ತಳಕ್ಕೂ ಸಮುದ್ರದ ತಳಕ್ಕೂ ನಡುವಿನ ಇಕ್ಕಟ್ಟಿನಲ್ಲಿ ನೀರು ಜೋರಾಗಿ ಹಿಂದಕ್ಕೆ ನುಗ್ಗುತ್ತದೆ, ಒತ್ತಡ ಬೀಳುತ್ತದೆ, ಹಡಗು ಕೆಳಗಿಳಿಯುತ್ತದೆ. ಬ್ಯಾರಸ್ ಎಂಬ ತಜ್ಞರ ಸರಳ ಸೂತ್ರ ಬಂದರಿನೊಳಗೆ ಹಡಗಿಗೆ ದಾರಿ ತೋರುವ ಪೈಲಟ್‌ಗಳ ನಾಲಿಗೆಯ ಮೇಲಿರುತ್ತದೆ: ನಾಟ್ (ಗಂಟೆಗೆ ಒಂದು ನಾವಿಕ ಮೈಲಿ) ಲೆಕ್ಕದ ವೇಗವನ್ನು ವರ್ಗ ಮಾಡಿ, ಹಡಗಿನ ಬ್ಲಾಕ್ ಗುಣಾಂಕದಿಂದ ಗುಣಿಸಿ, ಇಕ್ಕಟ್ಟಾದ ಕಾಲುವೆಯಲ್ಲಾದರೆ 50ರಿಂದ, ಬಯಲು ನೀರಿನಲ್ಲಾದರೆ 100ರಿಂದ ಭಾಗಿಸಿ. ಮುಳುಗಿದ ಭಾಗವನ್ನು ಅದರದೇ ಉದ್ದ, ಅಗಲ, ಆಳದ ಪೆಟ್ಟಿಗೆಯೊಳಗೆ ಇಟ್ಟರೆ ಪೆಟ್ಟಿಗೆಯ ಎಷ್ಟು ಪಾಲು ತುಂಬುತ್ತದೆ ಎಂಬುದೇ ಬ್ಲಾಕ್ ಗುಣಾಂಕ. ಅದಿರು ಹಡಗಿಗೆ ಅದು 0.8ರ ಆಸುಪಾಸು. 8 ನಾಟ್ ವೇಗದಲ್ಲಿ ಕಾಲುವೆಯೊಳಗೆ ಒಂದು ಮೀಟರ್‌ಗೆ ತುಸು ಹೆಚ್ಚು ಬರುತ್ತದೆ. 6 ನಾಟ್‌ಗೆ ಇಳಿಸಿದರೆ 58 ಸೆಂಟಿಮೀಟರ್. ಅಗೆಯದೆಯೇ ಸುಮಾರು 45 ಸೆಂಟಿಮೀಟರ್ ಗಿಟ್ಟಿತು! ಆದರೆ ವೇಗ ಇಳಿದಂತೆ ಚುಕ್ಕಾಣಿ ಹೇಳಿದ ಮಾತು ಕೇಳುವುದಿಲ್ಲ, ಅಡ್ಡಗಾಳಿಗೆ ಹಡಗು ಪಕ್ಕಕ್ಕೆ ಜಾರುತ್ತದೆ, ಉಬ್ಬರದ ಹೊತ್ತೂ ಕೈ ಜಾರುತ್ತದೆ. ಯಾವುದೂ ಪುಕ್ಕಟೆ ಅಲ್ಲ.

ಮೂರನೆಯದು ವಾಲುವಿಕೆ. 45 ಮೀಟರ್ ಅಗಲದ ಹಡಗು ತಿರುವಿನಲ್ಲಿ ಒಂದೇ ಡಿಗ್ರಿ ವಾಲಿದರೂ ಒಂದು ಮಗ್ಗುಲು 39 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಕೊನೆಗೆ ತಳದ ಗುಣಕ್ಕೆ ತಕ್ಕ ಮೀಸಲು: ಕೆಸರಾದರೆ ಅರ್ಧ ಮೀಟರ್, ಬಂಡೆಯಾದರೆ ಒಂದು ಮೀಟರ್. ಕೆಸರಿಗೆ ತಾಗಿದರೆ ಬಣ್ಣ ಹೋಗುತ್ತದೆ, ಬಂಡೆಗೆ ತಾಗಿದರೆ ತಗಡು ಹರಿಯುತ್ತದೆ.

8 ನಾಟ್ ವೇಗ, ಕೆಸರು ತಳ ಎಂದು ಹಿಡಿದು ಕೂಡಿಸಿದರೆ ಸುಮಾರು 16.55 ಮೀಟರ್. ಕಾಲುವೆಯ ಘೋಷಿತ ಆಳ 15.5 ಇದ್ದರೆ ಕಡಿಮೆ ಬಿದ್ದ 1.05 ಮೀಟರನ್ನು ಉಬ್ಬರದಿಂದ ಸಾಲ ತರಬೇಕು. ಘೋಷಿತ ಆಳವನ್ನು ಅಳೆಯುವುದು ಚಾರ್ಟ್ ಡೇಟಮ್‌ನಿಂದ, ಅಂದರೆ ನೀರು ಅದಕ್ಕಿಂತ ಕೆಳಗೆ ಇಳಿಯುವುದು ಅಪರೂಪ ಎನ್ನುವಂಥ ಮಟ್ಟದಿಂದ. 1.05 ಮೀಟರ್‌ಗಿಂತ ಎತ್ತರದ ಉಬ್ಬರ ಎಷ್ಟು ಹೊತ್ತು ನಿಲ್ಲುತ್ತದೋ ಅಷ್ಟೇ ಹಡಗಿನ ಹೊತ್ತು. (ಕುಕ್ಕರಿಸುವುದು ಮೂತಿಯಲ್ಲಿ, ವಾಲುವುದು ಪಕ್ಕೆಯಲ್ಲಿ, ಎರಡನ್ನೂ ಹೀಗೆ ನೇರವಾಗಿ ಕೂಡಿಸುವುದು ತುಸು ಅತಿ ಎಚ್ಚರಿಕೆ ಎನ್ನುವವರಿದ್ದಾರೆ. ಇರಲಿ, ಅತಿ ಎಚ್ಚರಿಕೆಯಿಂದ ಯಾವ ಹಡಗೂ ತಳ ಹತ್ತಿಲ್ಲ.) ಹೊರಗಿನ ಕಾಲುವೆಯಲ್ಲಿ ಅಲೆಯೂ ಸೇರುತ್ತದೆ. ಉದ್ದನೆಯ ಹೊಯ್ದಾಟದ ಅಲೆಗೆ ಹಡಗು ಏರಿಳಿಯುವುದು ಉಳಿದೆಲ್ಲ ಸಾಲುಗಳನ್ನೂ ಮೀರಿಸಬಹುದು. ಒಳಗಿನದಕ್ಕಿಂತ ಹೊರಗಿನ ಕಾಲುವೆಯನ್ನು ಹೆಚ್ಚು ಆಳವಾಗಿ ಕೊರೆಯುವುದು ಇದಕ್ಕೇ.

ಘೋಷಿತ ಆಳದ ಕೆಳಗೂ ಎರಡು ಪದರಗಳಿವೆ. ಮುಂದಿನ ಹೂಳೆತ್ತುವವರೆಗೆ ಬಂದು ಕೂರುವ ಹೂಳಿಗೆ ಮೊದಲೇ ಅಗೆದಿಡುವ ಜಾಗ ಒಂದು. ಅದರ ಕೆಳಗೆ, ಯಂತ್ರ ತಳವನ್ನು ಗೆರೆ ಎಳೆದಂತೆ ಕೊಯ್ಯಲಾರದು ಎಂದು ಒಪ್ಪಿಕೊಂಡು ಬಿಡುವ 30ರಿಂದ 60 ಸೆಂಟಿಮೀಟರ್ ಸಲಿಗೆ ಇನ್ನೊಂದು. ಈ ಸಲಿಗೆಯೊಳಗಿನ ಹೂಳಿಗೆ ಗುತ್ತಿಗೆದಾರರಿಗೆ ಹಣ ಉಂಟು, ಅದರ ಕೆಳಗೆ ಅಗೆದರೆ ಇಲ್ಲ. ಗುತ್ತಿಗೆ ಪತ್ರದಲ್ಲಿ ಈ ಸಾಲು ಮಸುಕಾಗಿದ್ದರೆ ಜಗಳ ಗ್ಯಾರಂಟಿ.

ಹೂಳು ಬರುವ ದಾರಿ

ತೋಡು ಎಂದರೆ ಪ್ರಕೃತಿಗೆ ಒಂದು ಬಲೆ. ತೀರದುದ್ದಕ್ಕೂ ಅಲೆಗಳು ತಳ್ಳಿಕೊಂಡು ಹೋಗುವ ಮರಳು ಅಡ್ಡ ಸಿಕ್ಕ ಹೊರಕಾಲುವೆಗೆ ಬೀಳುತ್ತದೆ. ಒಂದೇ ಬಿರುಗಾಳಿ ತಿಂಗಳುಗಳ ಹೂಳನ್ನು ಮೂರು ದಿನದಲ್ಲಿ ತಂದು ಸುರಿಯಬಲ್ಲದು. ಒಳಗೆ, ಅಳಿವೆಯಲ್ಲಿ, ಕಥೆ ಬೇರೆ. ನದಿ ತಂದ ನಯವಾದ ಜೇಡಿಯ ಕಣಗಳು ಸಿಹಿನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿರುತ್ತವೆ. ಉಪ್ಪು ತಾಗುತ್ತಲೇ ಹಾಲು ಒಡೆದಂತೆ ಗಂಟುಗಂಟಾಗಿ ಕೂಡಿ ತಳಕ್ಕಿಳಿಯುತ್ತವೆ. ಭಾರವಾದ ಉಪ್ಪುನೀರು ತಳದಲ್ಲಿ ಬೆಣೆಯಂತೆ ಒಳಗೆ ನುಗ್ಗುತ್ತಿರುತ್ತದೆ, ಇಳಿದ ಹೂಳನ್ನು ಮತ್ತೆ ಬಂದರಿನತ್ತಲೇ ತಳ್ಳುತ್ತದೆ. ಮೇಲೆ ನದಿ ಹೊರಗೆ, ಕೆಳಗೆ ಕಡಲು ಒಳಗೆ. ನಡುವೆ ಎಲ್ಲೋ ಒಂದು ಕಡೆ ನೀರು ಅತಿ ಕದಡಿರುವ ಜಾಗವೊಂದು ಹುಟ್ಟುತ್ತದೆ. ಧಕ್ಕೆಗಳು ಅಲ್ಲೇ ಇದ್ದರೆ ಆ ಬಂದರಿಗೆ ಹೂಳೆತ್ತುವುದೇ ನಿತ್ಯಕರ್ಮ.

ಹೂಳು ಬರದಂತೆ ತಡೆಯುವ ಪ್ರಯತ್ನಗಳೂ ಇವೆ. ಹ್ಯಾಂಬರ್ಗಿನಲ್ಲಿ ಕೋಲ್‌ಫ್ಲೀಟ್ ಎಂಬ ಬಂದರುಕೊಳದ ಬಾಯಲ್ಲಿ ಬಾಗಿದ ಗೋಡೆಯೊಂದನ್ನು ಕಟ್ಟಿದ್ದಾರೆ. ಹರಿವನ್ನು ಸ್ವಲ್ಪ ತಿರುಗಿಸಿ, ಕೊಳದ ಬಾಯಲ್ಲಿ ಸುತ್ತುವ ಸುಳಿಯನ್ನು ಮುರಿಯುವುದು ಅದರ ಕೆಲಸ. ಆ ಸುಳಿಯೇ ಹೂಳನ್ನು ಒಳಗೆಳೆಯುವ ಯಂತ್ರ. ಹೂಗ್ಲಿ ನದಿಯಲ್ಲಿ ಇನ್ನೂ ದೊಡ್ಡ ಯೋಚನೆ ಮಾಡಿದರು: ಕೋಲ್ಕತ್ತ ಬಂದರಿನ ಹೂಳು ತೊಳೆಯಲು ಗಂಗೆಯಿಂದ ಸೆಕೆಂಡಿಗೆ 40,000 ಘನ ಅಡಿವರೆಗೆ ನೀರು ತಿರುಗಿಸಬಲ್ಲ ಫರಕ್ಕಾ ಬ್ಯಾರೇಜು 1975ರಲ್ಲಿ ಕೆಲಸಕ್ಕೆ ಬಂತು. ಹೂಗ್ಲಿಯ ಡ್ರೆಜರ್‌ಗಳಿಗೆ, ಅಂದರೆ ಹೂಳೆತ್ತುವ ಹಡಗುಗಳಿಗೆ, ಇಂದಿಗೂ ಬಿಡುವಿಲ್ಲ.

ತಳ ಎಂದರೆ ಯಾವುದು?

ಇದು ವೇದಾಂತದ ಪ್ರಶ್ನೆಯಲ್ಲ. ಕೆಸರಿನ ಬಂದರಿನಲ್ಲಿ ಪ್ರತಿ ವಾರ ಉತ್ತರ ಹೇಳಬೇಕಾದ ಪ್ರಶ್ನೆ.

ಆಳ ಅಳೆಯುವುದು ಶಬ್ದದಿಂದ. ಸರ್ವೆ ದೋಣಿಯ ಅಡಿಯಲ್ಲಿರುವ ಮಲ್ಟಿಬೀಮ್ ಉಪಕರಣ ಒಂದೇ ಸಲಕ್ಕೆ ಬೀಸಣಿಗೆಯಂತೆ ನೂರಾರು ಶಬ್ದಕಿರಣಗಳನ್ನು ಬಿಟ್ಟು, ಮರುದನಿ ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಆದರೆ ಉಪ್ಪು, ಉಷ್ಣತೆ ಬದಲಾದರೆ ವೇಗವೂ ಬದಲಾಗುತ್ತದೆ. ಶೇಕಡಾ ಒಂದರಷ್ಟು ತಪ್ಪು ಹಿಡಿದರೆ 16 ಮೀಟರ್ ಆಳದಲ್ಲಿ 16 ಸೆಂಟಿಮೀಟರ್ ಹೋಯಿತು. ಅಳಿವೆಯಲ್ಲಿ ಉಬ್ಬರ ತಿರುಗಿದೊಡನೆ ಉಪ್ಪಿನ ಪದರಗಳು ಅದಲುಬದಲಾಗುತ್ತವೆ. ಬೆಳಿಗ್ಗೆ ಅಳೆದ ಶಬ್ದವೇಗವನ್ನೇ ಮಧ್ಯಾಹ್ನವೂ ಬಳಸಿದರೆ ಚಪ್ಪಟೆ ತಳ ಪರದೆಯ ಮೇಲೆ ನಗುವ ಬಾಯಿಯಂತೆಯೋ ಅಳುವ ಬಾಯಿಯಂತೆಯೋ ಬಾಗಿ ಕಾಣುತ್ತದೆ. ಅಂಚಿನ ಕಿರಣಗಳು ದಾರಿಯಲ್ಲಿ ಬಾಗಿವೆ ಎಂಬುದರ ಗುರುತು ಅದು. ಹಾಗೆ ಕಂಡರೆ ಕೆಲಸ ನಿಲ್ಲಿಸಿ ಮತ್ತೆ ಶಬ್ದವೇಗ ಅಳೆಯಬೇಕು. ಕಂಪ್ಯೂಟರಿನಲ್ಲಿ ಸರಿಪಡಿಸಿಕೊಳ್ಳೋಣ ಎಂದು ಮುಂದೆ ಹೋಗಬಾರದು.

ಹಡಗಿನಡಿಯ ನೀರು ಬಿಗಿಯಾಗಿರುವ ಬಂದರುಗಳಿಗೆ ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆಯ ಎಸ್-44 ಮಾನದಂಡದಲ್ಲಿ 'ಸ್ಪೆಷಲ್ ಆರ್ಡರ್' ಎಂಬ ದರ್ಜೆಯಿದೆ. 16 ಮೀಟರ್ ಆಳದಲ್ಲಿ ಅದು ಒಪ್ಪುವ ಅನಿಶ್ಚಿತತೆ ಸುಮಾರು 28 ಸೆಂಟಿಮೀಟರ್. ಗಮನಿಸಿ, ನಾವು ಹತ್ತು ಸೆಂಟಿಮೀಟರಿಗಾಗಿ ಎರಡು ಲಕ್ಷ ಘನ ಮೀಟರ್ ಎತ್ತುವ ಮಾತಾಡುತ್ತಿದ್ದೆವು. 2020ರ ಆವೃತ್ತಿಯಲ್ಲಿ ಇನ್ನೂ ಬಿಗಿಯಾದ ದರ್ಜೆಯೊಂದನ್ನು ಸೇರಿಸಿದ್ದು ಸುಮ್ಮನೆ ಅಲ್ಲ.

ಈಗ ಕೆಸರಿಗೆ ಬರೋಣ. ಹೊಸದಾಗಿ ಇಳಿದ ಹೂಳು ತಳವಾಗುವ ಮೊದಲು ಬಹಳ ಕಾಲ ಗಂಜಿಯ ಸ್ಥಿತಿಯಲ್ಲಿರುತ್ತದೆ. 200 ಕಿಲೋಹರ್ಟ್ಸ್ ಶಬ್ದ ಆ ಗಂಜಿಯ ಕೆನೆಯಿಂದಲೇ ಮರಳುತ್ತದೆ. 33 ಕಿಲೋಹರ್ಟ್ಸಿನ ದಪ್ಪ ಶಬ್ದ ಅದನ್ನು ಸೀಳಿ ಕೆಳಗಿನ ಗಟ್ಟಿ ಪದರ ಮುಟ್ಟಿ ಬರುತ್ತದೆ. ಎರಡರ ನಡುವೆ ಒಂದು ಮೀಟರ್‌ಗೂ ಮೀರಿದ ಅಂತರ ಇರಬಹುದು. ಯಾವುದನ್ನು ತಳ ಎನ್ನುವುದು? ರೋಟರ್‌ಡ್ಯಾಮ್ ಕೊಟ್ಟ ಉತ್ತರ ಸಾಂದ್ರತೆಯದು: ಘನ ಮೀಟರಿಗೆ 1.2 ಟನ್ ತೂಗುವ ಮಟ್ಟವೇ ನೌಕಾತಳ. ಅದಕ್ಕಿಂತ ತೆಳುವಾದ ಕೆಸರನ್ನು ನೀರೆಂದೇ ಲೆಕ್ಕ ಹಾಕುತ್ತಾರೆ. ಸಾಂದ್ರತೆ ಅಳೆಯುವ ಕೋಲನ್ನು ಅಲ್ಲಲ್ಲಿ ಇಳಿಸಿ ಶಬ್ದದ ನಕ್ಷೆಯನ್ನು ತಾಳೆ ನೋಡುತ್ತಾರೆ. ಜರ್ಮನಿಯ ಎಂಡನ್ ಬಂದರು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಕೆಸರನ್ನು ಮೆಲ್ಲಗೆ ಹೀರಿ, ಹಡಗಿನ ತೊಟ್ಟಿಯಲ್ಲಿ ಗಾಳಿಯಾಡಿಸಿ, ಅಲ್ಲಿಯೇ ವಾಪಸು ಬಿಡುತ್ತಾರೆ. ಕೆಸರು ಹೊರಗೆ ಹೋಗುವುದಿಲ್ಲ, ಆದರೆ ಗಟ್ಟಿಯಾಗುವುದೂ ಇಲ್ಲ, ಹಡಗು ಅದರೊಳಗೇ ಸಾಗುತ್ತದೆ. ಹೂಳೆತ್ತದೆ ಕಾಲುವೆ ಉಳಿಸಿಕೊಂಡ ಈ ಜಾಣತನ ನಮಗೆ ತುಂಬ ಹಿಡಿಸಿದ್ದು. ಎಲ್ಲ ಕೆಸರಿಗೂ ಇದು ಒಗ್ಗುವುದಿಲ್ಲ, ಮರಳು ಬೆರೆತರೆ ಆಟ ಮುಗಿಯಿತು.

ಹೀರುವ ಹಡಗು

ಓಡಾಟ ದಟ್ಟವಾಗಿರುವ ಕಾಲುವೆಯಲ್ಲಿ ಹೆಚ್ಚಿನ ಕೆಲಸ ಮಾಡುವುದು ಟ್ರೇಲಿಂಗ್ ಸಕ್ಷನ್ ಹಾಪರ್ ಡ್ರೆಜರ್. ತಾನೇ ಓಡುವ ಹಡಗು ಇದು. ಲಂಗರು ಬೇಡ, ತಂತಿ ಬೇಡ, ದಾರಿ ಬಿಡು ಎಂದರೆ ಬಿಡುತ್ತದೆ. ಪಕ್ಕದಲ್ಲಿ ಒಂದೋ ಎರಡೋ ಹೀರುಕೊಳವೆ, ಅದರ ತುದಿಗೆ ಡ್ರ್ಯಾಗ್‌ಹೆಡ್ ಎಂಬ ಅಗಲವಾದ ಬಾಯಿ. ಎರಡು ಮೂರು ನಾಟ್ ವೇಗದಲ್ಲಿ ಸಾಗುತ್ತ, ಬಾಯನ್ನು ತಳದ ಮೇಲೆ ಎಳೆಯುತ್ತ, ನೀರು ಹೂಳು ಎರಡನ್ನೂ ಹೀರಿ ಹೊಟ್ಟೆಯ ತೊಟ್ಟಿಗೆ, ಅಂದರೆ ಹಾಪರಿಗೆ, ತುಂಬಿಕೊಳ್ಳುತ್ತದೆ. ಇಂಥವುಗಳಲ್ಲಿ ಅತಿ ದೊಡ್ಡವಾದ ಕ್ರಿಸ್ಟೋಬಲ್ ಕೊಲೋನ್, ಲೀವ್ ಐರಿಕ್ಸನ್ ಹಡಗುಗಳ ಹಾಪರ್ 46,000 ಘನ ಮೀಟರ್. ಅವು ಹೊಸ ನೆಲ ಕಟ್ಟುವ ದೈತ್ಯರು. ಬಂದರಿನ ದಿನನಿತ್ಯದ ಹೂಳಿಗೆ ಅದರ ಕಾಲುಭಾಗಕ್ಕಿಂತ ಚಿಕ್ಕವೇ ಸಾಕು, ತಿರುಗಲು ಜಾಗವೂ ಬೇಕಲ್ಲ.

ಕೇಳಲು ಸರಳ, ನಡೆಸಲು ಅಲ್ಲ. ಅಲೆಗೆ ಹಡಗು ಏರಿಳಿದರೂ ಬಾಯಿ ತಳ ಬಿಡಬಾರದು. ಅದಕ್ಕೆಂದೇ ಕೊಳವೆಯನ್ನು ಹಿಡಿದ ತಂತಿಗೆ ಸ್ವೆಲ್ ಕಾಂಪೆನ್ಸೇಟರ್ ಎಂಬ ಹೈಡ್ರಾಲಿಕ್ ಕಂಭವಿದೆ. ಅದರ ಒತ್ತಡ ಹೆಚ್ಚಿಟ್ಟರೆ ಬಾಯಿ ತಳದಿಂದ ಎದ್ದು ಬರೀ ನೀರು ಕುಡಿಯುತ್ತದೆ. ಕಡಿಮೆಯಿಟ್ಟರೆ ಕೆಸರಿನಲ್ಲಿ ಹೂತುಕೊಳ್ಳುತ್ತದೆ, ಪಂಪಿನ ಹೀರುಬದಿಯಲ್ಲಿ ನಿರ್ವಾತ ಏರಿ ನೀರು ಕುದಿದಂತೆ ಗುಳ್ಳೆಯೊಡೆಯುತ್ತದೆ, ಪಂಪು ಕಲ್ಲು ನುಂಗಿದಂತೆ ಗಡಗಡಿಸುತ್ತದೆ. ಮರಳಾದರೆ ಕೊಳವೆಯೊಳಗಿನ ವೇಗ ಸೆಕೆಂಡಿಗೆ 4ರಿಂದ 6 ಮೀಟರ್ ಇರಬೇಕು. ಬಿದ್ದರೆ ಮರಳು ಕೊಳವೆಯಲ್ಲೇ ಕೂತು ಕಟ್ಟಿಕೊಳ್ಳುತ್ತದೆ. ಡ್ರೆಜ್ ಮಾಸ್ಟರ್ ಕಣ್ಣು ಸದಾ ಎರಡು ಮುಳ್ಳುಗಳ ಮೇಲೆ: ಮಿಶ್ರಣದ ಸಾಂದ್ರತೆ, ಮಿಶ್ರಣದ ವೇಗ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. 8,000 ಘನ ಮೀಟರ್ ಹಾಪರ್ ಕೆಸರಿನಿಂದ ತುಂಬಿದೆ, ಸಾಂದ್ರತೆ ಘನ ಮೀಟರಿಗೆ 1.25 ಟನ್. ತೂಕ 10,000 ಟನ್. ಅದರಲ್ಲಿ ಒಣ ಮಣ್ಣೆಷ್ಟು? 2,900 ಟನ್‌ನ ಆಸುಪಾಸು. ಮಿಕ್ಕಿದ್ದು ಸಮುದ್ರದ ನೀರು, ಸಮುದ್ರದಿಂದ ಎತ್ತಿ ಸಮುದ್ರಕ್ಕೇ ಒಯ್ಯುತ್ತಿರುವ ನೀರು. ಹಾಪರ್ ತುಂಬಿದ ಲೆಕ್ಕಕ್ಕೆ ದುಡ್ಡು ಕೊಡುವ ಬಂದರು ಹೆಚ್ಚಾಗಿ ನೀರಿಗೇ ದುಡ್ಡು ಕೊಡುತ್ತದೆ. ತಿಳಿದವರು ಒಣ ಮಣ್ಣಿನ ಟನ್ ಲೆಕ್ಕದಲ್ಲೋ, ಮುಂಚಿನ ಮತ್ತು ಆಮೇಲಿನ ಸರ್ವೆಗಳ ವ್ಯತ್ಯಾಸದಲ್ಲೋ ಕೊಡುತ್ತಾರೆ. ಎರಡನೆಯದಕ್ಕೂ ಒಂದು ತೊಡಕುಂಟು. ಮುಂಚಿನ ಸರ್ವೆಗೂ ಕೆಲಸಕ್ಕೂ ನಡುವೆ ಮೂರು ವಾರ ಕಳೆದರೆ, ಆ ಮೂರು ವಾರದಲ್ಲಿ ಬಂದು ಕೂತ ಹೂಳನ್ನು ಎತ್ತಿದವರಿಗೆ ಕೂಲಿ ಸಿಗುವುದಿಲ್ಲ.

ಹಾಪರ್ ತುಂಬಿದ ಮೇಲೂ ಹೀರುತ್ತ ಹೋದರೆ ಮೇಲಿನ ನೀರು ತೂಬಿನಿಂದ ಹೊರಚೆಲ್ಲಿ ಕೆಳಗೆ ಮರಳು ಸೇರುತ್ತದೆ. ಮರಳಿಗೆ ಇದು ಲಾಭ. ನಯವಾದ ಹೂಳಿಗೆ ಏನೇನೂ ಲಾಭವಿಲ್ಲ, ಕಣಗಳು ಕೂರುವ ಮೊದಲೇ ನೀರಿನ ಜೊತೆ ಹೊರಟುಹೋಗುತ್ತವೆ, ಕಾಲುವೆ ಮೈಲಿಗಟ್ಟಲೆ ಕದಡುತ್ತದೆ. ಮರಳಿನಲ್ಲೂ ಎಷ್ಟು ಹೊತ್ತು ಚೆಲ್ಲಬೇಕು ಎಂಬುದಕ್ಕೆ ಮಿತಿಯಿದೆ. ಸುರಿಯುವ ಜಾಗ ದೂರವಾದಷ್ಟೂ ಇನ್ನಷ್ಟು ತುಂಬಿಕೊಂಡು ಹೋಗುವುದು ಜಾಣತನ. ಹತ್ತಿರವಿದ್ದರೆ ಬೇಗ ಹೊರಡುವುದೇ ಲೇಸು.

ಕೆಡುವುದು ಎಲ್ಲಿ? ಬಂದರಿನ ತಳವೆಂದರೆ ಹಡಗುಗಳು ಕಳೆದುಕೊಂಡ ಸಾಮಾನುಗಳ ಉಗ್ರಾಣ. ನೈಲಾನ್ ಹಗ್ಗ ಪಂಪಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಟೈರು ಬಾಯಿಗೆ ಅಡ್ಡ ಕೂರುತ್ತದೆ. ಸರಪಳಿಯ ತುಂಡು ಹಾಪರಿನ ಅಡಿಬಾಗಿಲಿಗೆ ಸಿಕ್ಕಿದರಂತೂ ಬಾಗಿಲು ಪೂರ್ತಿ ಮುಚ್ಚದೆ, ತುಂಬಿದ ಹೂಳು ದಾರಿಯುದ್ದಕ್ಕೂ ಕಾಲುವೆಗೇ ಸೋರುತ್ತದೆ. ಡ್ರಾಫ್ಟ್ ತಾನಾಗಿ ಕಡಿಮೆಯಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ. ಹಳೆಯ ಯುದ್ಧದ ಬಾಂಬುಗಳಿರಬಹುದಾದ ಕಡೆ ಬಾಯಿಗೆ ಕಬ್ಬಿಣದ ಜಾಲರಿ ಹಾಕುತ್ತಾರೆ. ಕಡಲಾಮೆಗಳಿರುವಲ್ಲಿ ಅವುಗಳನ್ನು ಪಕ್ಕಕ್ಕೆ ಸರಿಸುವ ನೇಗಿಲಿನಂಥ ತಡೆ.

ಇನ್ನೊಂದು ದೋಷ ಯಂತ್ರದ್ದಲ್ಲ, ಗುಣದ್ದು. ಡ್ರ್ಯಾಗ್‌ಹೆಡ್ ಒಮ್ಮೆ ಕೊರೆದ ಸಾಲಿಗೇ ಮತ್ತೆ ಜಾರಿ ಬೀಳುತ್ತದೆ. ಸಾಲು ಆಳವಾಗುತ್ತ ಹೋಗುತ್ತದೆ, ಪಕ್ಕದಲ್ಲಿ ಬದು ಹಾಗೆಯೇ ನಿಲ್ಲುತ್ತದೆ. ಸರಾಸರಿ ಆಳ ತುಂಬ ಚೆನ್ನಾಗಿರುತ್ತದೆ, ಆದರೆ ಹಡಗು ಸರಾಸರಿಯ ಮೇಲೆ ಓಡುವುದಿಲ್ಲ. ಇಡೀ ಕಾಲುವೆ 16 ಮೀಟರ್ ಇದ್ದು ಒಂದು ಕಡೆ 15.2 ಇದ್ದರೆ ಘೋಷಿತ ಆಳ 15.2. ಅಂಥ ಬದುಗಳಿಗೆ ಟಗ್ (ಎಳೆಯುವ ದೋಣಿ) ಒಂದರ ಹಿಂದೆ ಭಾರವಾದ ಉಕ್ಕಿನ ತೊಲೆಯನ್ನು ನಿಗದಿತ ಆಳಕ್ಕೆ ಇಳಿಬಿಟ್ಟು, ಗದ್ದೆಗೆ ಮರ ಹೊಡೆದ ಹಾಗೆ ಎಳೆದು ತಗ್ಗಿಗೆ ನೂಕುತ್ತಾರೆ.

ಉಳಿದ ಯಂತ್ರಗಳನ್ನು ಬೇಗ ಹೇಳಿ ಮುಗಿಸೋಣ. ಧಕ್ಕೆಯ ಬುಡಕ್ಕೆ, ಮೂಲೆಗಳಿಗೆ ಬಾಚಿ ಹಿಡಿದೆತ್ತುವ ಗ್ರ್ಯಾಬ್ ಇಲ್ಲವೇ ತೋಳಿನ ಬಕೆಟ್ಟಿನಿಂದ ಅಗೆಯುವ ಬ್ಯಾಕ್‌ಹೋ. ಅಲ್ಲಿ ಅರ್ಧ ಮೀಟರ್ ಹೆಚ್ಚು ಅಗೆದರೆ ಗೋಡೆಯ ಕಾಲೇ ಬಯಲಾಗುತ್ತದೆ. ಬಂಡೆಗೂ ಗಟ್ಟಿ ಜೇಡಿಗೂ ತಿರುಗುವ ಹಲ್ಲುತಲೆಯಿಂದ ಕೊರೆದು ಹೀರುವ ಕಟರ್ ಸಕ್ಷನ್ ಡ್ರೆಜರ್. ಆದರೆ ಅದು ಗೂಟ ಊರಿ, ತಂತಿ ಕಟ್ಟಿ, ಬಾಲಕ್ಕೆ ತೇಲುಕೊಳವೆ ಸಿಕ್ಕಿಸಿಕೊಂಡು ಕಾಲುವೆಗೆ ಅಡ್ಡ ಕೂರುತ್ತದೆ. ಅದನ್ನು ಓಡುವ ಬಂದರು ನಿರ್ವಹಣೆಗೆ ಇಟ್ಟುಕೊಳ್ಳುವುದಿಲ್ಲ. 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ಎವರ್ ಗಿವನ್ ಎಂಬ ಕಂಟೇನರ್ ಹಡಗು ಸೂಯೆಜ್ ಕಾಲುವೆಯ ದಂಡೆಗೆ ಮೂತಿ ತೂರಿಸಿಕೊಂಡಾಗ ಮಶ್ಹೂರ್ ಎಂಬ ಕಟರ್ ಡ್ರೆಜರ್ ಬಂದು ಮೂತಿಯ ಸುತ್ತ ಸುಮಾರು 30,000 ಘನ ಮೀಟರ್ ಮರಳು ಬಗೆದದ್ದು ನಿಮಗೆ ನೆನಪಿರಬಹುದು. ಹಡಗು ತೇಲಿದ್ದು 29ಕ್ಕೆ. ಇನ್ನು ನೀರು ಚುಚ್ಚುವ ಡ್ರೆಜರ್: ಕಡಿಮೆ ಒತ್ತಡದಲ್ಲಿ ಬಹಳ ನೀರನ್ನು ಕೆಸರಿಗೆ ಹೊಗಿಸಿ ಅದನ್ನು ತೆಳುವಾಗಿಸುತ್ತದೆ, ತೆಳುವಾದ ಕೆಸರು ತಾನೇ ಇಳಿಜಾರಿನತ್ತ ಹರಿದುಹೋಗುತ್ತದೆ. ಇಳಿಜಾರಿಲ್ಲದಿದ್ದರೆ ಕದಡಿದ್ದಷ್ಟೇ ಬಂತು.

ಎತ್ತಿದ್ದು ಎಲ್ಲಿಗೆ?

ಸಮುದ್ರಕ್ಕೆ ಸುರಿಯುವುದಕ್ಕೆ ಕಾನೂನಿದೆ. 1972ರ ಲಂಡನ್ ಒಪ್ಪಂದ, ಅದನ್ನು ಬಿಗಿಗೊಳಿಸಿದ 1996ರ ಪ್ರೋಟೋಕಾಲ್. ಪ್ರೋಟೋಕಾಲಿನ ಪ್ರಕಾರ ಕೆಲವೇ ವಸ್ತುಗಳನ್ನು ಪರೀಕ್ಷಿಸಿ, ಪರವಾನಗಿ ಪಡೆದು ಸುರಿಯಬಹುದು, ಡ್ರೆಜಿಂಗ್ ಹೂಳು ಅವುಗಳಲ್ಲೊಂದು. ಪರೀಕ್ಷೆಯಲ್ಲಿ ನೋಡುವುದು ಭಾರಲೋಹ, ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ, ಮತ್ತು ಒಂದು ಕಾಲದಲ್ಲಿ ಹಡಗಿನ ತಳಕ್ಕೆ ಬಳಿಯುತ್ತಿದ್ದ ಬಣ್ಣದ ಟಿಬಿಟಿ ಎಂಬ ತವರದ ವಿಷ. ಆ ಬಣ್ಣದ ಮೇಲಿನ ಜಾಗತಿಕ ನಿಷೇಧ 2008ರಿಂದ ಜಾರಿಯಲ್ಲಿದೆ, ಆದರೆ ಹಳೆಯ ಹೂಳಿನಲ್ಲಿ ಅದು ಇನ್ನೂ ಸಿಗುತ್ತದೆ. ಕೆಟ್ಟ ಹೂಳನ್ನು ಕಟ್ಟೆ ಕಟ್ಟಿ ಕೂಡಿಡಬೇಕು. ರೋಟರ್‌ಡ್ಯಾಮಿನ ಸ್ಲುಫ್ಟರ್ 1987ರಿಂದ ಅದಕ್ಕೇ ಇರುವ ಹೊಂಡ.

ಒಳ್ಳೆಯ ಹೂಳನ್ನೂ ಎಲ್ಲೆಂದರಲ್ಲಿ ಸುರಿದರೆ ಮುಖಕ್ಕೇ ಬರುತ್ತದೆ. ಎಲ್ಬೆ ನದಿಯಲ್ಲಿ ಉಬ್ಬರದ ಹರಿವು ಚುರುಕು, ಇಳಿತದ್ದು ನಿಧಾನ. ಹ್ಯಾಂಬರ್ಗಿನವರು ನಗರದ ಕೆಳಗೆ ನದಿಗೆ ಸುರಿದ ಹೂಳನ್ನು ಉಬ್ಬರ ಮತ್ತೆ ಬಂದರಿಗೇ ತಳ್ಳಿತು. ಅದದೇ ಹೂಳನ್ನು ಎತ್ತಿದ್ದೇ ಎತ್ತಿದ್ದು. ಕೊನೆಗೆ ಅದರ ಒಂದು ಪಾಲನ್ನು ದೂರದ ಉತ್ತರ ಸಮುದ್ರಕ್ಕೆ ಒಯ್ಯಬೇಕಾಯಿತು. ಸುರಿಯುವ ಜಾಗ ಆರಿಸುವಾಗ ದೂರಕ್ಕಿಂತ ಮೊದಲು ಹರಿವಿನ ದಿಕ್ಕು ನೋಡಬೇಕು.

ಓಡಾಟದ ನಡುವೆ

ಕೆಲಸ ಮಾಡುವ ಡ್ರೆಜರ್ ಹಗಲಿನಲ್ಲಿ ಚೆಂಡು, ವಜ್ರ, ಚೆಂಡು ಆಕಾರಗಳನ್ನೂ ರಾತ್ರಿ ಕೆಂಪು, ಬಿಳಿ, ಕೆಂಪು ದೀಪಗಳನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಅಡ್ಡಿಯಿರುವ ಮಗ್ಗುಲಿಗೆ ಎರಡು ಕೆಂಪು ದೀಪ, ದಾಟಬಹುದಾದ ಮಗ್ಗುಲಿಗೆ ಎರಡು ಹಸಿರು. ಇದು 1972ರ ಸಮುದ್ರ ಸಂಚಾರ ನಿಯಮ. ಆದರೆ ದೀಪ ನಂಬಿ ಕೂರಲಾಗದು. ದೊಡ್ಡ ಹಡಗು ಉಬ್ಬರದ ಹೊತ್ತಿಗೆ ಬರುವುದರಿಂದ ಆ ಹೊತ್ತಿಗೆ ಡ್ರೆಜರ್ ಕೊಳವೆ ಮೇಲೆತ್ತಿ ಅಂಚಿಗೆ ಸರಿದಿರಬೇಕು. ಕೊಳವೆ ಎತ್ತಲು ಹತ್ತು ನಿಮಿಷ ಬೇಕಾದರೆ ರೇಡಿಯೋ ಕರೆ ಇಪ್ಪತ್ತು ನಿಮಿಷ ಮುಂಚೆ ಬರಬೇಕು. ದಿನದ ವೇಳಾಪಟ್ಟಿಯನ್ನು ಹಡಗುಗಳ ಪಟ್ಟಿಯ ಜೊತೆ ಕೂರಿಸಿ ಬರೆಯದಿದ್ದರೆ ಡ್ರೆಜರ್ ಅರ್ಧ ದಿನ ದಾರಿ ಬಿಡುವುದರಲ್ಲೇ ಕಳೆಯುತ್ತದೆ.

ಒಂದು ಪ್ರಶ್ನೆ

ಇಂಥ ಮಾತಿನ ಕೊನೆಗೆ ಯಾರಾದರೂ ಕೇಳುವ ಪ್ರಶ್ನೆ: ಒಂದೇ ಸಲ ಮೂರು ಮೀಟರ್ ಹೆಚ್ಚು ಅಗೆದುಬಿಟ್ಟರೆ ಹತ್ತು ವರ್ಷ ನೆಮ್ಮದಿಯಲ್ಲವೇ?

ಇಲ್ಲ. ಆಳ ಹೆಚ್ಚಿದಂತೆ ಹರಿವು ನಿಧಾನವಾಗುತ್ತದೆ, ನಿಧಾನವಾದ ನೀರು ಹೆಚ್ಚು ಹೂಳು ಇಳಿಸುತ್ತದೆ. ಉಪ್ಪಿನ ಬೆಣೆ ಇನ್ನೂ ಒಳಗೆ ತೂರಿ, ಹೂಳು ಇಳಿಯುವ ಜಾಗವೇ ಮೇಲಕ್ಕೆ ಸರಿಯುತ್ತದೆ. ದಂಡೆಗಳೂ ಸುಮ್ಮನಿರುವುದಿಲ್ಲ. ಮರಳಿನ ದಂಡೆ ಒಂದಕ್ಕೆ ಮೂರರಿಂದ ಐದರ ಇಳಿಜಾರಿನಲ್ಲಿ ನಿಲ್ಲುತ್ತದೆ, ಕೆಸರಿನದು ಅದಕ್ಕಿಂತ ಚಪ್ಪಟೆ. ಒಂದಕ್ಕೆ ಐದರ ದಂಡೆಯಿರುವಲ್ಲಿ ಮೂರು ಮೀಟರ್ ಇಳಿದರೆ ತೋಡಿನ ಮೇಲಂಚು ಎರಡೂ ಬದಿಗೆ ಹದಿನೈದು ಹದಿನೈದು ಮೀಟರ್ ಅಗಲವಾಗುತ್ತದೆ. ಅಲ್ಲಿ ಕೇಬಲ್ಲೋ ಧಕ್ಕೆಯ ಕಂಭವೋ ಇದ್ದರೆ ಬೇರೆಯೇ ಕಷ್ಟ. ಆದ್ದರಿಂದ ಹೆಚ್ಚುವರಿ ಆಳವನ್ನು ಕಾಲುವೆ ಉದ್ದಕ್ಕೂ ಕೊಡುವುದಿಲ್ಲ. ಹಳೆಯ ಸರ್ವೆಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿ ಸಲ ಮೊದಲು ತುಂಬುವ ಜಾಗಗಳನ್ನು ಗುರುತಿಸಿ, ಅಲ್ಲಿ ಮಾತ್ರ ಒಂದೆರಡು ಮೀಟರ್ ಹೊಂಡ ತೋಡುತ್ತಾರೆ. ಹೊಂಡ ಅರ್ಧ ತುಂಬಿತೆಂದು ಸರ್ವೆ ಹೇಳಿದ ದಿನ ಡ್ರೆಜರಿಗೆ ಕರೆ ಹೋಗಬೇಕು, ಪೂರ್ತಿ ತುಂಬಿದ ದಿನವಲ್ಲ. ಏಕೆಂದರೆ ಡ್ರೆಜರ್ ಬರುವುದಕ್ಕೆ ವಾರಗಳು ಹಿಡಿಯುತ್ತವೆ, ಹೂಳು ಅಷ್ಟು ದಿನ ಕಾಯುವುದಿಲ್ಲ.